ಒಂದೇ ಗಣಿ, ಒಂದೇ ವರ್ಷ, ಎರಡು ದೇಶದ ಫೈಲಿಂಗ್‌ನಲ್ಲಿ ಎರಡು ಲೆಕ್ಕ: ಯಾವುದನ್ನು ನಂಬೋದು?

ಹಳದಿಲೋಹ
ಒಂದು ಚಿನ್ನದ ಗಣಿ ಕಂಪನಿ ಆಸ್ಟ್ರೇಲಿಯಾದಲ್ಲೂ ಅಮೆರಿಕದಲ್ಲೂ ಲಿಸ್ಟ್ ಆಗಿದೆ ಅಂದ್ಕೊಳ್ಳಿ. ಆಸ್ಟ್ರೇಲಿಯಾದ ವಾರ್ಷಿಕ ವರದಿಯಲ್ಲಿ ಮೆಷರ್ಡ್, ಇಂಡಿಕೇಟೆಡ್ (ಖಚಿತತೆ ಹೆಚ್ಚಿರೋ ಎರಡು ವರ್ಗ) ಎರಡೂ ಸೇರಿ ರಿಸೋರ್ಸ್, ಅಂದ್ರೆ ನೆಲದಲ್ಲಿ ಇದೆ ಅಂತ ಅಂದಾಜಿಸಿದ ಅದಿರು, 12 ಕೋಟಿ ಟನ್; ರಿಸರ್ವ್, ಅಂದ್ರೆ ಲಾಭಕ್ಕೆ ಅಗೆಯಬಹುದಾದ ಅದಿರು, 8 ಕೋಟಿ ಟನ್. ಅದೇ ಗಣಿಗೆ, ಅದೇ ವರ್ಷಕ್ಕೆ ಅಮೆರಿಕದ ಫೈಲಿಂಗ್‌ನಲ್ಲಿ ರಿಸೋರ್ಸ್ 2.7 ಕೋಟಿ, ರಿಸರ್ವ್ 4.8 ಕೋಟಿ. ಗಣಿಯಲ್ಲಿ ಕಂಪನಿಯ ಪಾಲು 60%.

ರಿಸರ್ವ್ ಲೆಕ್ಕ ಹೊಂದುತ್ತೆ: 8 ಕೋಟಿಯ 60% ಅಂದ್ರೆ 4.8. ರಿಸೋರ್ಸ್ ಮಾತ್ರ ಹೊಂದಲ್ಲ. ಅಮೆರಿಕದ್ದು ರಿಸರ್ವ್ ಬಿಟ್ಟ ಅಂಕಿ ಅಂತಿಟ್ಟುಕೊಂಡ್ರೂ, 12ರಲ್ಲಿ 8 ಕಳೆದ್ರೆ 4, ಅದರ 60% 2.4 ಆಗಬೇಕು. 2.7 ಹೇಗೆ ಬಂತು? ಹೆಚ್ಚಿಗೆ ಬಂದ ಆ 30 ಲಕ್ಷ ಟನ್ ಮುದ್ರಣದೋಷವೋ, ಮುಚ್ಚುಮರೆಯೋ? ನೆಲದಡಿ ಇರೋ ಕಲ್ಲು ಒಂದೇ ಆದಾಗ ಷೇರುಪೇಟೆಯ ಕಾನೂನು ಅದರ ತೂಕವನ್ನು ಬದಲಿಸೋದಾದ್ರೂ ಹೇಗೆ?

ಷೇರುಕಡತ
ಮುಚ್ಚುಮರೆ ಏನಿಲ್ಲ. ಗಣಿ ಅಂಕಿಗಳನ್ನು ಹೇಗೆ ವರದಿ ಮಾಡಬೇಕು ಅಂತ ಹೇಳೋ ಆಸ್ಟ್ರೇಲಿಯಾದ ಜೋರ್ಕ್ ಕೋಡ್‌ನಲ್ಲಿ ರಿಸೋರ್ಸನ್ನು ರಿಸರ್ವ್ ಸೇರಿಸಿ ಹೇಳಬಹುದು, ಬಿಟ್ಟೂ ಹೇಳಬಹುದು. ಯಾವುದು ಅಂತ ಸ್ಪಷ್ಟವಾಗಿ ಬರೆದಿರಬೇಕು, ಅಷ್ಟೇ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಸ್‌-ಕೆ 1300 ನಿಯಮದಲ್ಲಿ ಆ ಆಯ್ಕೆ ಇಲ್ಲ. ರಿಸರ್ವ್ ಬಿಟ್ಟು ಉಳಿದದ್ದನ್ನೇ ರಿಸೋರ್ಸ್ ಅಂತ ತೋರಿಸಬೇಕು, ಅದೂ ಕಂಪನಿಯ ಪಾಲಿನಷ್ಟು ಮಾತ್ರ. ಆಸ್ಟ್ರೇಲಿಯಾದ ವರದಿಗಳಲ್ಲಿ ಸಾಮಾನ್ಯವಾಗಿ ಪೂರ್ತಿ ಗಣಿಯ ಅಂಕಿ ಕೊಟ್ಟು, ಪಾಲಿನ ಶೇಕಡಾವಾರನ್ನು ಪಕ್ಕದ ಕಾಲಂನಲ್ಲಿ ಹಾಕಿರ್ತಾರೆ.

ಹಳದಿಲೋಹ
ಅಷ್ಟು ಅರ್ಥ ಆಯ್ತು ಸರ್. ಆದ್ರೂ 2.4 ಬದಲು 2.7 ಯಾಕೆ?

ಟನ್‌ಲೆಕ್ಕ
ಯಾಕಂದ್ರೆ ಕಳೆಯೋ ಲೆಕ್ಕವೇ ತಪ್ಪು. ರಿಸೋರ್ಸಿನ ಟನ್ನೂ ರಿಸರ್ವಿನ ಟನ್ನೂ ಒಂದೇ ಜಾತಿಯವಲ್ಲ. ರಿಸೋರ್ಸ್ ಅಂದ್ರೆ ನೆಲದಲ್ಲಿ ಇದ್ದ ಹಾಗೇ ಇರೋ ಬಂಡೆ. ರಿಸರ್ವ್ ಅಂದ್ರೆ ಅಗೆದು, ಪಕ್ಕದ ಬರಡು ಕಲ್ಲು ಬೆರೆತು, ಒಂದಿಷ್ಟು ಗುಂಡಿಯಲ್ಲೇ ಉಳಿದು, ಕೊನೆಗೆ ಗಿರಣಿಯ ಬಾಯಿಗೆ ಬಂದು ಬೀಳೋ ಅದಿರು.

ನಿಮ್ಮ ಅಂಕಿಗಳನ್ನೇ ಹಿಂದಕ್ಕೆ ಬಿಡಿಸಿ ನೋಡೋಣ. ರಿಸರ್ವಿಗೆ ಪರಿವರ್ತನೆ ಆದ ರಿಸೋರ್ಸ್ 7.5 ಕೋಟಿ ಟನ್, ಗ್ರೇಡ್ ಟನ್ನಿಗೆ 1.1 ಗ್ರಾಂ ಅಂತಿಟ್ಟುಕೊಳ್ಳಿ. ಅದರಲ್ಲಿ ಚಿನ್ನ 82.5 ಟನ್. 10% ಬರಡು ಕಲ್ಲು ಬೆರೆಯುತ್ತೆ: 8.25 ಕೋಟಿ ಟನ್ ಆಯ್ತು, ಗ್ರೇಡ್ 1.0ಕ್ಕೆ ಇಳೀತು, ಚಿನ್ನ ಮಾತ್ರ ಅಷ್ಟೇ. ಅಗೆತದಲ್ಲಿ 97% ಕೈಗೆ ಸಿಗುತ್ತೆ ಅಂದ್ರೆ 8.25 ಗುಣಿಸು 0.97, ಸುಮಾರು 8 ಕೋಟಿ ಟನ್. ಅದೇ ನಿಮ್ಮ ರಿಸರ್ವ್. ಅಂದ್ರೆ 8 ಕೋಟಿ ಟನ್ ರಿಸರ್ವ್ ಹುಟ್ಟಿದ್ದು 7.5 ಕೋಟಿ ಟನ್ ರಿಸೋರ್ಸಿನಿಂದ. 12ರಲ್ಲಿ ಕಳೀಬೇಕಾದ್ದು 7.5ನ್ನು. ಉಳಿದದ್ದು 4.5 ಕೋಟಿ, ಅದರ 60% ಸರಿಯಾಗಿ 2.7 ಕೋಟಿ.

ಹಳದಿಲೋಹ
ಅಬ್ಬಾ, ಈಗ ಬಗೆಹರೀತು. ಒಂದು ಕೋಷ್ಟಕದಿಂದ ಇನ್ನೊಂದನ್ನು ಕಳೆಯೋ ಅಭ್ಯಾಸ ಇವತ್ತಿಗೆ ಮುಗೀತು.

ಗಿರಣಿಮನೆ
ಟನ್‌ಲೆಕ್ಕ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಜನ ಎಡವೋದು ಇಲ್ಲೇ. 8 ಕೋಟಿ ಟನ್, ಟನ್ನಿಗೆ 1 ಗ್ರಾಂ ಅಂದ್ರೆ 80 ಟನ್ ಚಿನ್ನ. ಔನ್ಸ್ 31.1035 ಗ್ರಾಂ, ಹಾಗಾಗಿ ಸುಮಾರು 25.7 ಲಕ್ಷ ಔನ್ಸ್. ಇಷ್ಟೂ ಮಾರಾಟಕ್ಕೆ ಬರಲ್ಲ. ಗಿರಣಿಯ ರಿಕವರಿ 90% ಆದ್ರೆ ಕೈಗೆ ಸಿಗೋದು 23.1 ಲಕ್ಷ. ಹೆಚ್ಚಿನ ಕೋಷ್ಟಕಗಳಲ್ಲಿ ಇರೋದು ಅಡಕವಾಗಿರೋ ಚಿನ್ನ, ಸಿಗೋ ಚಿನ್ನ ಅಲ್ಲ. ಅದಕ್ಕೇ ಎಸ್‌-ಕೆ 1300 'ಯಾವ ಜಾಗದಲ್ಲಿ ಅಳೆದದ್ದು' ಅಂತ ಬರೀಬೇಕು ಅನ್ನುತ್ತೆ. ನೆಲದಲ್ಲೋ, ಗಿರಣಿಯ ಬಾಯಲ್ಲೋ, ಮಾರೋ ಸರಕಿನಲ್ಲೋ? ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಇರೋ ಆ ಒಂದು ಸಾಲನ್ನು ಓದದೆ ಎರಡು ಕಂಪನಿಗಳನ್ನು ಹೋಲಿಸಿದ್ರೆ ಆ ಹೋಲಿಕೆಗೆ ಅರ್ಥವೇ ಇರಲ್ಲ.

ಬಂಡೆಮಾತು
ತಡೀರಿ, ನನಗೆ ತಿಳಿದ ಮಟ್ಟಿಗೆ ಎಸ್‌ಇಸಿ ರಿಸೋರ್ಸ್ ಹಾಕೋಕೇ ಬಿಡಲ್ಲ. ಅಮೆರಿಕದ ಫೈಲಿಂಗ್‌ನಲ್ಲಿ ರಿಸೋರ್ಸ್ ಅಂಕಿ ಹೇಗೆ ಬರುತ್ತೆ?

ಷೇರುಕಡತ
ಅದು ಹಳೇ ಕಥೆ. ಎಸ್‌ಇಸಿಯ ಹಳೇ ಗಣಿ ಮಾರ್ಗಸೂಚಿ ಇಂಡಸ್ಟ್ರಿ ಗೈಡ್ 7 ಇದ್ದ ಕಾಲದಲ್ಲಿ ನಿಮ್ಮ ಮಾತು ಸರಿ. ಬೇರೆ ದೇಶದ ಕಾನೂನು ತೋರಿಸಲೇಬೇಕು ಅಂದ ಸಂದರ್ಭ ಬಿಟ್ರೆ ರಿಸೋರ್ಸ್ ತೋರಿಸುವಂತಿರಲಿಲ್ಲ. ರಿಸರ್ವ್ ಅನ್ನಬೇಕಾದ್ರೆ ಎಸ್‌ಇಸಿ ಸಿಬ್ಬಂದಿ ಅಂತಿಮ ಫೀಸಿಬಿಲಿಟಿ ವರದಿ (ಗಣಿ ಲಾಭಕ್ಕೆ ನಡೆಯುತ್ತಾ ಅನ್ನೋ ಅಧ್ಯಯನ) ಕೇಳ್ತಿದ್ರು, ಬೆಲೆಗೆ ಹಿಂದಿನ 3 ವರ್ಷದ ಸರಾಸರಿ ನೋಡ್ತಿದ್ರು. ಗಮನಿಸಿ, ಆ 3 ವರ್ಷ ಗೈಡಿನ ಪಠ್ಯದಲ್ಲಿ ಇರಲಿಲ್ಲ, ಸಿಬ್ಬಂದಿಯ ರೂಢಿ. ಎಸ್‌ಇಸಿ 2018ರ ಅಕ್ಟೋಬರ್ 31ರಂದು ಹೊಸ ನಿಯಮ ಅಂಗೀಕರಿಸ್ತು. 2021ರ ಜನವರಿ 1ರಂದು ಅಥವಾ ಆಮೇಲೆ ಶುರುವಾಗೋ ಹಣಕಾಸು ವರ್ಷಗಳಿಗೆ ಅದು ಕಡ್ಡಾಯ. ಈಗ ರಿಸೋರ್ಸ್ ಇದ್ದು ಅದು ಹೂಡಿಕೆದಾರರಿಗೆ ಮುಖ್ಯ ಅನ್ನಿಸಿದ್ರೆ ತೋರಿಸಲೇಬೇಕು. ನಿಷೇಧ ಇದ್ದದ್ದು ಕರ್ತವ್ಯ ಆಗಿದೆ.

ಕರಾರುಪತ್ರ
ಒಂದು ಹೊರತು ನೆನಪಿರಲಿ. ಕೆನಡಾದ ಕಂಪನಿಗಳು ಎರಡು ದೇಶಗಳ ಒಪ್ಪಂದದ ಪ್ರಕಾರ ಫಾರ್ಮ್ 40-ಎಫ್‌ನಲ್ಲಿ ಫೈಲ್ ಮಾಡಿದ್ರೆ ತಮ್ಮ ದೇಶದ ಗಣಿ ವರದಿ ನಿಯಮವಾದ ಎನ್‌ಐ 43-101ರ ಅಂಕಿಗಳನ್ನೇ ಅಮೆರಿಕಕ್ಕೂ ಕೊಡಬಹುದು. ಫಾರ್ಮ್ 20-ಎಫ್ ಹಾಕೋ ಬೇರೆ ವಿದೇಶಿ ಕಂಪನಿಗಳಿಗೆ ಆ ಸೌಲಭ್ಯ ಇಲ್ಲ, ಅವರು ಎಸ್‌-ಕೆ 1300 ಪಾಲಿಸಬೇಕು. ಅಮೆರಿಕದಲ್ಲಿ ಲಿಸ್ಟ್ ಆದ ಎರಡು ಚಿನ್ನದ ಕಂಪನಿಗಳ ಕೋಷ್ಟಕ ಬೇರೆ ಬೇರೆ ಥರ ಕಂಡ್ರೆ ಮೊದಲು ಯಾವ ಫಾರ್ಮ್ ಅಂತ ನೋಡಿ.

ಬಂಡೆಮಾತು
ಸರಿ, ತಿದ್ದಿಕೊಂಡೆ. ಹಾಗಾದ್ರೆ ಬೆಲೆ? ಕಂಪನಿ ತನಗೆ ಬೇಕಾದ ಬೆಲೆ ಹಾಕಿಕೊಂಡ್ರೆ ರಿಸರ್ವ್ ಬೇಕಾದಷ್ಟು ಬೆಳೆಸಬಹುದಲ್ಲ. ನನ್ನ ಅಭಿಪ್ರಾಯದಲ್ಲಿ ನಿಯಂತ್ರಕರೇ ಒಂದು ಬೆಲೆ ಗೊತ್ತು ಮಾಡಬೇಕು.

ಟನ್‌ಲೆಕ್ಕ
ಬೆಲೆ ಎಷ್ಟು ದೊಡ್ಡ ಆಟ ಆಡುತ್ತೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ. ತೆರೆದ ಗುಂಡಿಯ ಗಣಿ ಅಂದ್ಕೊಳ್ಳಿ. ಗಿರಣಿ ಮತ್ತು ಆಡಳಿತದ ಖರ್ಚು ಟನ್ನಿಗೆ 20 ಡಾಲರ್, ರಿಕವರಿ 90%. ರಾಜಧನ, ಸಾಗಣೆ ಸದ್ಯಕ್ಕೆ ಬಿಡೋಣ.

ಔನ್ಸಿಗೆ 1500 ಡಾಲರ್ ಅಂದ್ರೆ ಗ್ರಾಂಗೆ 48.23. ಅದರ 90% 43.4. 20ನ್ನು 43.4ರಿಂದ ಭಾಗಿಸಿದ್ರೆ ಕಟ್‌ಆಫ್, ಅಂದ್ರೆ ಈ ಖರ್ಚು ಹುಟ್ಟೋ ಕನಿಷ್ಠ ಗ್ರೇಡ್, ಟನ್ನಿಗೆ 0.46 ಗ್ರಾಂ. ಬೆಲೆ 2000 ಆದ್ರೆ ಗ್ರಾಂಗೆ 64.30, ಅದರ 90% 57.87, ಕಟ್‌ಆಫ್ 0.35. ಅಂದ್ರೆ 0.35ರಿಂದ 0.46 ಗ್ರಾಂ ನಡುವಿನ ಬಂಡೆಯೆಲ್ಲ ನಿನ್ನೆ ಕಸದ ಗುಡ್ಡೆಗೆ ಹೋಗ್ತಿತ್ತು, ಇವತ್ತು ಅದಿರು. ಒಂದು ಅಡಿ ಕೊರೆದಿಲ್ಲ, ಒಂದು ಮಾದರಿ ತೆಗೆದಿಲ್ಲ. ಕಡಿಮೆ ಗ್ರೇಡಿನ ದೊಡ್ಡ ನಿಕ್ಷೇಪಗಳಲ್ಲಿ ಈ ಅಂಚಿನ ಬಂಡೆಯೇ ಬಹಳ ಇರುತ್ತೆ, ಅಂಥ ಕಡೆ ರಿಸರ್ವ್ ಜಿಗಿಯುತ್ತೆ. ಬಂಡೆಯೊಳಗಿನ ಕಿರಿದಾದ, ಸಿರಿವಂತ ಚಿನ್ನದ ಗೆರೆಗಳಲ್ಲಿ ಅಷ್ಟು ವ್ಯತ್ಯಾಸ ಆಗಲ್ಲ.

ಟನ್ ಏರಿ ಸರಾಸರಿ ಗ್ರೇಡ್ ಇಳಿದಿದ್ರೆ, ಕೊರೆತದ ಸುದ್ದಿ ಏನೂ ಇಲ್ಲದಿದ್ರೆ, ಅದು ಬೆಲೆಯ ಕೆಲಸ ಅಂತ ಮೊದಲು ಅನುಮಾನಿಸಿ.

ಬಂಡೆಮಾತು
ಅದನ್ನೇ ನಾನು ಹೇಳ್ತಿರೋದು! ಬೆಲೆ ಒಂದೇ ಇದ್ರೆ ಈ ಆಟ ನಿಲ್ಲುತ್ತೆ.

ತೈಲಬಾವಿ
ತೈಲದವರ ಕಡೆ ನೋಡಿ, ಅಲ್ಲಿ ಎಸ್‌ಇಸಿ ಬೆಲೆ ಕಟ್ಟಿಹಾಕಿದೆ. ಮೊದಲು ವರ್ಷದ ಕೊನೇ ದಿನದ ಬೆಲೆ ಹಾಕಬೇಕಿತ್ತು. 2008ರ ಜುಲೈನಲ್ಲಿ ಬ್ಯಾರೆಲ್ 147 ಡಾಲರ್ ಮುಟ್ಟಿ, ಡಿಸೆಂಬರ್ ಕೊನೆಗೆ 45ರ ಆಸುಪಾಸಿಗೆ ಬಿತ್ತು. ಒಂದು ದಿನದ ಬೆಲೆ ವರ್ಷವಿಡೀ ಕೊರೆದ ಬಾವಿಗಳ ಹಣೆಬರಹ ಬರೀತು. ಆಮೇಲೆ ನಿಯಮ ಬದಲಾಗಿ 12 ತಿಂಗಳ ಪ್ರತಿ ತಿಂಗಳ ಮೊದಲ ದಿನದ ಬೆಲೆಗಳ ಸರಾಸರಿ ಬಂತು. ಹೋಲಿಕೆ ಸುಲಭ ಆಯ್ತು, ನಿಜ. ಆದ್ರೆ ಆ ಬೆಲೆಯಲ್ಲಿ ಯಾವ ಕಂಪನಿಯೂ ಬಾವಿ ಕೊರೆಯೋ ನಿರ್ಧಾರ ಮಾಡಲ್ಲ. ಹೋಲಿಕೆಗೆ ಒಂದು ಅಂಕಿ, ಕೆಲಸಕ್ಕೆ ಇನ್ನೊಂದು ಅಂತ ಎರಡು ಪುಸ್ತಕ ಇಡಬೇಕಾಗುತ್ತೆ.

ಟನ್‌ಲೆಕ್ಕ
ಗಣಿಯಲ್ಲಿ ಅದು ಇನ್ನೂ ಕಷ್ಟ. ಬಾವಿಯಿಂದ ಬರೋದನ್ನು ಮಾರ್ತೀರಿ. ಗಣಿಯಲ್ಲಿ ಬೆಲೆ ಬದಲಾದ್ರೆ ಗುಂಡಿಯ ಆಕಾರವೇ ಬದಲಾಗುತ್ತೆ, ಯಾವ ಗೋಡೆ ಹಿಂದಕ್ಕೆ ತಳ್ಳಬೇಕು, ಬರಡು ಕಲ್ಲು ಎಲ್ಲಿ ಸುರೀಬೇಕು ಎಲ್ಲವೂ. 20 ವರ್ಷದ ಯೋಜನೆಯನ್ನು ವರ್ಷಕ್ಕೊಮ್ಮೆ ಸರಾಸರಿಗೆ ತಕ್ಕಂತೆ ಕುಣಿಸೋಕಾಗಲ್ಲ. ಎಸ್‌-ಕೆ 1300 ಅದಕ್ಕೇ ಬೆಲೆ ಗೊತ್ತು ಮಾಡದೆ, ಸಮಂಜಸ ಇರಲಿ, ಯಾಕೆ ಅಂತ ವಿವರಿಸಿ ಅನ್ನುತ್ತೆ.

ಬಂಡೆಮಾತು
ನಾನು ಪೂರ್ತಿ ಒಪ್ಪಲ್ಲ. ಯೋಜನೆಗೆ ತಮ್ಮ ಬೆಲೆ ಇಟ್ಕೊಳ್ಳಲಿ, ಪಕ್ಕದಲ್ಲಿ ಒಂದು ಸಾಮಾನ್ಯ ಬೆಲೆಯ ಕಾಲಂ ಕೊಡೋಕೆ ಏನು ತೊಂದರೆ? ಓದುಗನಿಗೆ ಅದು ಬೇಕು.

ಷೇರುಕಡತ
ಬೇರೆ ಬೆಲೆಯಲ್ಲಿ ಲೆಕ್ಕ ಏನಾಗುತ್ತೆ ಅನ್ನೋ ಕೋಷ್ಟಕ ಬಹಳ ವರದಿಗಳಲ್ಲಿ ಇರುತ್ತೆ, ಆದ್ರೆ ಅದು ಯೋಜನೆಯ ನಿವ್ವಳ ಮೌಲ್ಯಕ್ಕೆ, ಟನ್ನಿಗೆ ಅಲ್ಲ. ಟನ್ನಿಗೂ ಇದ್ರೆ ಚೆನ್ನಾಗಿತ್ತು, ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ತೀನಿ.

ಕೋರ್‌ಪೆಟ್ಟಿಗೆ
ಎಲ್ಲರೂ ಬೆಲೆ, ಪಾಲು ಅಂತ ಮೇಲಿನ ಮಹಡಿಯ ಮಾತಾಡ್ತಿದ್ದೀರಿ. ಅಡಿಪಾಯ ಕೊರೆತದ ಮಾದರಿ. ಕೆನಡಾದ ಬ್ರೀ-ಎಕ್ಸ್ ಕಂಪನಿಯ ಮೋಸ ಮರೆತ್ರಾ? ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಕೋಟಿಗಟ್ಟಲೆ ಔನ್ಸ್ ಚಿನ್ನ ಇದೆ ಅಂದ್ರು. ಕೋರನ್ನು, ಅಂದ್ರೆ ಕೊರೆದಾಗ ಬರೋ ಕಲ್ಲಿನ ಕಂಬಿಯನ್ನು, ಉದ್ದುದ್ದ ಸೀಳಿ ಅರ್ಧ ಪೆಟ್ಟಿಗೆಯಲ್ಲಿ ಉಳಿಸೋದು ರೂಢಿ. ಅಲ್ಲಿ ಪೂರ್ತಿ ಕೋರನ್ನೇ ಪುಡಿಗೆ ಕಳಿಸಿದ್ರು, ತಿರುಗಿ ಪರೀಕ್ಷಿಸೋಕೆ ಏನೂ ಉಳಿದಿರಲಿಲ್ಲ. ಪುಡಿಯ ಚೀಲಗಳಿಗೆ ಹೊರಗಿನ ಚಿನ್ನ ಬೆರೆತಿತ್ತು. ಕಾಳುಗಳ ಅಂಚು ನದಿಯ ಚಿನ್ನದ ಹಾಗೆ ಸವೆದು ದುಂಡಗಿದ್ವು, ಬಂಡೆಯೊಳಗೆ ಹುಟ್ಟಿದ ಚಿನ್ನ ಹಾಗಿರಲ್ಲ. 1997ರಲ್ಲಿ ಫ್ರೀಪೋರ್ಟ್ ಅನ್ನೋ ಗಣಿ ಕಂಪನಿ ಹಳೇ ರಂಧ್ರಗಳ ಪಕ್ಕದಲ್ಲೇ ಕೊರೆದಾಗ ಲೆಕ್ಕಕ್ಕೆ ಬರೋ ಚಿನ್ನ ಸಿಗಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಅನ್ನೋ ಸಲಹಾ ಸಂಸ್ಥೆಯ ವರದಿ ಬಂದು ಎಲ್ಲ ಮುಗೀತು.

ಕೆನಡಾದ ಎನ್‌ಐ 43-101 ಜಾರಿಗೆ ಬಂದದ್ದು 2001ರ ಫೆಬ್ರವರಿ 1ರಂದು, ಆ ಗಾಯದ ಮೇಲೆ. ಅರ್ಹ ವ್ಯಕ್ತಿ (ವರದಿಗೆ ಸಹಿ ಹಾಕೋ ತಜ್ಞ) ಖುದ್ದು ಜಾಗಕ್ಕೆ ಹೋಗಿ ನೋಡಿರಬೇಕು, ಮಾದರಿಯನ್ನು ಯಾರು ತೆಗೆದ್ರು, ಹೇಗೆ ಸಾಗಿಸಿದ್ರು, ಹೇಗೆ ತಾಳೆ ನೋಡಿದ್ರು ಅಂತ ಬರೀಬೇಕು ಅನ್ನೋ ಅಂಶಗಳೆಲ್ಲ ಆ ಪಾಠದಿಂದ ಬಂದವು.

ಬಂಡೆಮಾತು
ಜೋರ್ಕ್ ಅದಕ್ಕಿಂತ ಹಳೇದು ಅಲ್ವಾ?

ಕೋರ್‌ಪೆಟ್ಟಿಗೆ
ಹೌದು. 1969-70ರಲ್ಲಿ ಪೊಸೈಡನ್ ಅನ್ನೋ ನಿಕಲ್ ಕಂಪನಿಯ ಷೇರು ಒಂದು ಡಾಲರಿಗೂ ಕಡಿಮೆಯಿಂದ 280 ಆಸ್ಟ್ರೇಲಿಯನ್ ಡಾಲರಿನವರೆಗೆ ಏರಿ ಕುಸೀತು. 1971ರಲ್ಲಿ ಸಮಿತಿ, 1989ರಲ್ಲಿ ಮೊದಲ ಕೋಡ್, ಅದೇ ವರ್ಷ ಷೇರುಪೇಟೆಯ ಲಿಸ್ಟಿಂಗ್ ನಿಯಮಕ್ಕೆ ಸೇರ್ಪಡೆ. ಚಾಲ್ತಿಗೆ ಬಂದ 2012ರ ಆವೃತ್ತಿಯ ಟೇಬಲ್ 1 ನನ್ನ ಪ್ರಕಾರ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಕಾಗದ. ಪ್ರತಿ ಸಾಲಿಗೂ ಉತ್ತರ ಕೊಡಬೇಕು, ಇಲ್ಲದಿದ್ರೆ ಯಾಕಿಲ್ಲ ಅಂತ ಬರೀಬೇಕು.

ಹಳದಿಲೋಹ
ಆ ಟೇಬಲ್ 1ರಲ್ಲಿ ಮೊದಲು ಏನು ನೋಡಬೇಕು ಸರ್? ಹತ್ತಾರು ಪುಟ ಇರುತ್ತೆ.

ಕೋರ್‌ಪೆಟ್ಟಿಗೆ
ನಾನು ಮೊದಲು ಹುಡುಕೋದು ಸಾಂದ್ರತೆ. ಕೇಳೋಕೆ ಸಪ್ಪೆ, ಆದ್ರೆ ಟನ್ ಅಂದ್ರೆ ಘನಗಾತ್ರ ಗುಣಿಸು ಸಾಂದ್ರತೆ. ಗಟ್ಟಿ ಬಂಡೆಯ 2.7 ಹಾಕಿದ್ದಾರೆ, ನಿಜಕ್ಕೂ ಶಿಥಿಲವಾದ, ರಂಧ್ರ ತುಂಬಿದ ಬಂಡೆ 2.5 ಇದೆ ಅಂದ್ರೆ ಗ್ರೇಡ್ ಎಷ್ಟೇ ಸರಿ ಇರಲಿ 7.4% ಟನ್ ಗಾಳಿ. ಎಷ್ಟು ಅಳತೆ ಮಾಡಿದ್ದಾರೆ, ಮೇಣ ಬಳಿದು ನೀರಲ್ಲಿ ತೂಗಿದ್ದಾರಾ, ಮೇಲಿನ ಶಿಥಿಲ ಪದರಕ್ಕೂ ಕೆಳಗಿನ ಹೊಸ ಬಂಡೆಗೂ ಬೇರೆ ಬೇರೆ ಅಂಕಿ ಇದೆಯಾ? 'ಅಂದಾಜು ಸಾಂದ್ರತೆ' ಅಂತ ಬರೆದು ಮೆಷರ್ಡ್ ವರ್ಗ ಕೊಟ್ಟಿದ್ರೆ ನನಗೆ ಅಲ್ಲೇ ನಂಬಿಕೆ ಹೋಗುತ್ತೆ.

ಆಮೇಲೆ ತಾಳೆ ಮಾದರಿಗಳು. ಗ್ರೇಡ್ ಮೊದಲೇ ಗೊತ್ತಿರೋ ಪ್ರಮಾಣಿತ ಪುಡಿ, ಚಿನ್ನವೇ ಇಲ್ಲದ ಖಾಲಿ ಮಾದರಿ, ಒಂದೇ ಮಾದರಿಯ ಜೋಡಿ. ಸುಮಾರು 20ಕ್ಕೆ ಒಂದರಂತೆ ಪ್ರತಿ ಬಗೆಯದ್ದೂ ಸೇರಿಸೋದು ವಾಡಿಕೆ. ಖಾಲಿ ಮಾದರಿಯಲ್ಲಿ ಚಿನ್ನ ಕಂಡ್ರೆ ಲ್ಯಾಬಿನ ಪುಡಿಮಾಡೋ ಯಂತ್ರ ಸ್ವಚ್ಛ ಆಗಿಲ್ಲ, ಹಿಂದಿನ ಸಿರಿವಂತ ಮಾದರಿ ಮುಂದಿನದಕ್ಕೆ ಅಂಟಿದೆ. ಪ್ರಮಾಣಿತ ಪುಡಿ ಸತತ ಒಂದೇ ದಿಕ್ಕಿಗೆ ವಾಲಿದ್ರೆ ಆ ಬ್ಯಾಚ್ ಪೂರ್ತಿ ಮತ್ತೆ ಪರೀಕ್ಷೆ ಆಗಬೇಕು. ಎಷ್ಟು ವಿಫಲ ಆಯ್ತು ಅಂತ ಬರೆಯೋದಕ್ಕಿಂತ, ವಿಫಲ ಆದಾಗ ಏನು ಮಾಡಿದ್ರು ಅಂತ ಬರೆದಿದ್ದಾರಾ ನೋಡಿ.

ಮೂರನೇದು ಟಾಪ್‌ಕಟ್, ಅಂದ್ರೆ ವಿಪರೀತ ಗ್ರೇಡನ್ನು ಒಂದು ಮಿತಿಗೆ ಕತ್ತರಿಸೋದು. ಒಂದೇ ಮೀಟರಿನಲ್ಲಿ ಟನ್ನಿಗೆ 300 ಗ್ರಾಂ ಬಂದಿದೆ ಅಂತಿಟ್ಟುಕೊಳ್ಳಿ. ಅದನ್ನು ಕತ್ತರಿಸದೆ ಹಾಗೇ ಬಿಟ್ರೆ ಆ ಒಂದು ಬಿಂದು ಸುತ್ತಲಿನ ಬ್ಲಾಕುಗಳಿಗೆಲ್ಲ ಬಣ್ಣ ಬಳಿದುಬಿಡುತ್ತೆ.

ಕರಾರುಪತ್ರ
ಇದೆಲ್ಲ ಸರಿ, ಸಹಿ ಹಾಕೋರು ಯಾರು ಅನ್ನೋದೂ ಅಷ್ಟೇ ಮುಖ್ಯ. ಜೋರ್ಕ್‌ನಲ್ಲಿ ಕಾಂಪಿಟೆಂಟ್ ಪರ್ಸನ್, ಕೆನಡಾದಲ್ಲೂ ಅಮೆರಿಕದಲ್ಲೂ ಕ್ವಾಲಿಫೈಡ್ ಪರ್ಸನ್. ಮೂರರಲ್ಲೂ ಮಾನ್ಯ ವೃತ್ತಿಪರ ಸಂಸ್ಥೆಯ ಸದಸ್ಯತ್ವ ಮತ್ತು ಕನಿಷ್ಠ 5 ವರ್ಷದ ಅನುಭವ. ಅಮೆರಿಕ, ಆಸ್ಟ್ರೇಲಿಯಾ ನಿಯಮಗಳಲ್ಲಿ ಅನುಭವ ಅದೇ ಬಗೆಯ ನಿಕ್ಷೇಪದ್ದಾಗಿರಬೇಕು. ಕಬ್ಬಿಣದ ಅದಿರಿನಲ್ಲಿ 25 ವರ್ಷ ಕಳೆದವರು ಗೆರೆಚಿನ್ನಕ್ಕೆ ಸಹಿ ಹಾಕುವಂತಿಲ್ಲ.

ಬಂಡೆಮಾತು
ಆದ್ರೆ ಕಂಪನಿಯ ನೌಕರನೇ ಸಹಿ ಹಾಕ್ತಾನಲ್ಲ! ಸಂಬಳ ಕೊಡೋರ ವಿರುದ್ಧ ಯಾರು ಬರೀತಾರೆ?

ಕರಾರುಪತ್ರ
ಅಮೆರಿಕ, ಆಸ್ಟ್ರೇಲಿಯಾ ಎರಡೂ ಕಡೆ ನೌಕರ ಆಗಿರಬಹುದು, ಸಂಬಂಧ ಏನು ಅಂತ ಬಹಿರಂಗಪಡಿಸಬೇಕು. ಕೆನಡಾ ಸ್ವಲ್ಪ ಬಿಗಿ. ಕಂಪನಿ ಮೊದಲ ಸಲ ರಿಸೋರ್ಸ್, ರಿಸರ್ವ್ ಪ್ರಕಟಿಸೋವಾಗ, ಅಥವಾ ಒಟ್ಟು ಅಂಕಿ 100% ಅಥವಾ ಅದಕ್ಕಿಂತ ಹೆಚ್ಚು ಬದಲಾದಾಗ ಸ್ವತಂತ್ರ ವ್ಯಕ್ತಿ ಬೇಕು. ಉತ್ಪಾದನೆಯಲ್ಲಿರೋ ಕಂಪನಿಗೆ ವಿನಾಯಿತಿ ಇದೆ: ಗಣಿಯ ಒಟ್ಟು ಆದಾಯ ಹಿಂದಿನ ವರ್ಷ ಕನಿಷ್ಠ 3 ಕೋಟಿ ಕೆನಡಾ ಡಾಲರ್, ಮೂರು ವರ್ಷ ಸೇರಿ 9 ಕೋಟಿ ಇರಬೇಕು.

ನೌಕರ ಅಂದ ಮಾತ್ರಕ್ಕೆ ಕೆಟ್ಟದ್ದು ಅನ್ನೋದನ್ನ ನಾನು ಒಪ್ಪಲ್ಲ. ದಿನಾ ಗುಂಡಿಗೆ ಇಳಿಯೋರಿಗೆ ಅದಿರಿನ ನಡೆ ಗೊತ್ತು. ಹೊರಗಿನ ಸಲಹೆಗಾರರು ಎರಡು ದಿನ ಬಂದು ಹೋಗ್ತಾರೆ, ಅವರಿಗೂ ಮುಂದಿನ ಕೆಲಸ ಅದೇ ಕಂಪನಿಯಿಂದಲೇ ಬರಬೇಕು.

ಹೊಣೆ ಎಲ್ಲಿ ಬೀಳುತ್ತೆ ನೋಡಿ. ಅಮೆರಿಕದಲ್ಲಿ ಷೇರು ನೋಂದಣಿ ದಾಖಲೆಗೆ ತಾಂತ್ರಿಕ ಸಾರಾಂಶ ಸೇರಿದ್ರೆ, ಒಪ್ಪಿಗೆ ಕೊಟ್ಟ ಅರ್ಹ ವ್ಯಕ್ತಿ 1933ರ ಕಾಯ್ದೆಯ ಸೆಕ್ಷನ್ 11ರ ಪ್ರಕಾರ ತಜ್ಞನಾಗಿ ಹೊಣೆ ಹೊರಬೇಕು. ಬಹಳ ಜನ ಇದಕ್ಕೆ ಹೆದರಿದ್ರು. ಎಸ್‌ಇಸಿ ಎರಡು ಕಡೆ ಸಡಿಲಿಸ್ತು: ಹೊರಗಿನ ಸಂಸ್ಥೆ ಆದ್ರೆ ವ್ಯಕ್ತಿಯ ಬದಲು ಸಂಸ್ಥೆಯ ಹೆಸರಲ್ಲಿ ಸಹಿ ಹಾಕಬಹುದು, ಬೆಲೆ, ಮಾರುಕಟ್ಟೆ, ಕಾನೂನು, ಪರಿಸರದಂಥ ತಮ್ಮ ಪರಿಣತಿಗೆ ಹೊರಗಿನ ವಿಷಯಗಳಲ್ಲಿ ಕಂಪನಿ ಕೊಟ್ಟ ಮಾಹಿತಿಯನ್ನು ಅವಲಂಬಿಸಬಹುದು, ಅವಲಂಬಿಸಿದ್ದು ಏನು ಅಂತ ಬರೆದ್ರೆ ಸಾಕು.

ಗಿರಣಿಮನೆ
ಸಂಸ್ಥೆಯ ಹೆಸರಲ್ಲಿ ಸಹಿ ಅನ್ನೋದು ನನಗೆ ಸರಿ ಕಾಣಲ್ಲ. ವ್ಯಕ್ತಿಯ ಹೆಸರು ಇದ್ರೇನೇ ಆ ವ್ಯಕ್ತಿ ಕೈ ನಡುಗಿಸಿ ಯೋಚನೆ ಮಾಡ್ತಾನೆ. 43-101ರ ಶಕ್ತಿಯೇ ಅದು.

ಟನ್‌ಲೆಕ್ಕ
+1. ಹೆಸರು ಬೇಕು.

ಹಳದಿಲೋಹ
ಇಬ್ಬರು ಅರ್ಹರು ಒಂದೇ ನಿಕ್ಷೇಪದ ಬಗ್ಗೆ ಉಲ್ಟಾ ಹೇಳಿದ್ರೆ?

ಕೋರ್‌ಪೆಟ್ಟಿಗೆ
ಆಗಿದೆ. ಕೆನಡಾದ ಬ್ರೂಸ್‌ಜಾಕ್ ಚಿನ್ನದ ಯೋಜನೆ, 2013. ಸುಮಾರು 10 ಸಾವಿರ ಟನ್ನಿನ ದೊಡ್ಡ ಮಾದರಿ ತೆಗೆಯೋ ಕೆಲಸದ ಉಸ್ತುವಾರಿ ಸ್ಟ್ರಾತ್‌ಕೋನಾದ್ದು. ಅಂದಾಜು ನಂಬಲರ್ಹ ಅಲ್ಲ ಅಂತ ಅವರು ಅಕ್ಟೋಬರಿನಲ್ಲಿ ಕೆಲಸ ಬಿಟ್ರು. ರಿಸೋರ್ಸ್ ಅಂದಾಜು ಮಾಡಿದ್ದ ಸ್ನೋಡೆನ್ ಸಂಸ್ಥೆ, ಪೂರ್ತಿ ಅದಿರನ್ನು ಗಿರಣಿಗೆ ಹಾಕಿ ನೋಡೋವರೆಗೆ ತೀರ್ಪು ಬೇಡ ಅಂತು. ಹಾಕಿದಾಗ ನಿರೀಕ್ಷಿಸಿದ್ದ 4 ಸಾವಿರ ಔನ್ಸಿಗಿಂತ ಹೆಚ್ಚೇ ಬಂತು. ದಪ್ಪ ಕಾಳಿನ ಚಿನ್ನ ಇದ್ರೆ ಹೀಗೇ. ಹಿಡಿ ಮಾದರಿಯಲ್ಲಿ ಕಾಳು ಸಿಕ್ಕರೆ ಕುಬೇರ, ಸಿಗದಿದ್ರೆ ಬರಡು. ಕಾನೂನು ಇಲ್ಲಿ ಮಾಡಬಹುದಾದ್ದು ಒಂದೇ, ಇಬ್ಬರ ವಾದವೂ ಹೂಡಿಕೆದಾರನಿಗೆ ಕಾಣೋ ಹಾಗೆ ಮಾಡೋದು.

ಷೇರುಕಡತ
ಇನ್‌ಫರ್ಡ್ ವರ್ಗದ ಮಾತು ಯಾರೂ ಎತ್ತಿಲ್ಲ. ಸಣ್ಣ ಕಂಪನಿಗಳ ಪತ್ರಿಕಾ ಪ್ರಕಟಣೆಯಲ್ಲಿ ನೂರಕ್ಕೆ ತೊಂಬತ್ತು ಗಲಿಬಿಲಿ ಅಲ್ಲಿಂದ್ಲೇ.

ಇನ್‌ಫರ್ಡ್ ಅಂದ್ರೆ ಕೊರೆತ ವಿರಳ, ಖನಿಜ ಅಲ್ಲಿಂದಿಲ್ಲಿಗೆ ಮುಂದುವರಿದಿದೆ ಅನ್ನೋದು ಊಹೆ. ಅದರಿಂದ ನೇರ ರಿಸರ್ವ್ ಹುಟ್ಟಲ್ಲ, ಯಾವ ಕೋಡಿನಲ್ಲೂ. ಕೆನಡಾದಲ್ಲಿ ಇನ್‌ಫರ್ಡನ್ನು ಮೆಷರ್ಡ್, ಇಂಡಿಕೇಟೆಡ್ ಜೊತೆ ಕೂಡಿಸಿ ಒಂದೇ ಅಂಕಿ ಹೇಳುವಂತಿಲ್ಲ. 'ನೆಲದಲ್ಲಿ ಇಷ್ಟು ನೂರು ಕೋಟಿ ಡಾಲರಿನ ಲೋಹ ಇದೆ' ಅಂತ ಒಟ್ಟು ಮೌಲ್ಯ ಹೇಳೋದೂ ನಿಷಿದ್ಧ. ತಾಮ್ರ ಸಮಾನ, ಚಿನ್ನ ಸಮಾನ ಗ್ರೇಡ್ ಹೇಳಿದ್ರೆ ಪ್ರತಿ ಲೋಹದ ಗ್ರೇಡ್, ಹಾಕಿದ ಬೆಲೆ, ರಿಕವರಿ ಎಲ್ಲ ಕೊಡಬೇಕು. ಇಲ್ಲದಿದ್ರೆ ಗಿರಣಿಯಲ್ಲಿ ಸಿಗದೆ ಕೆಸರಿಗೆ ಹೋಗೋ ಬೆಳ್ಳಿಯನ್ನೂ ಸೇರಿಸಿ ಗ್ರೇಡ್ ಉಬ್ಬಿಸಬಹುದು.

ಇನ್‌ಫರ್ಡ್ ಸೇರಿಸಿ ಆರ್ಥಿಕ ಲೆಕ್ಕ ಮಾಡಬಹುದಾದ್ದು ಪ್ರಾಥಮಿಕ ಹಂತದಲ್ಲಿ ಮಾತ್ರ. ಕೆನಡಾದಲ್ಲಿ ಅದಕ್ಕೆ ಪಿಇಎ ಅಂತಾರೆ, ಎಚ್ಚರಿಕೆಯ ವಾಕ್ಯ ಕಡ್ಡಾಯ. ಅಮೆರಿಕದಲ್ಲಿ ಇನಿಷಿಯಲ್ ಅಸೆಸ್‌ಮೆಂಟ್; ಇನ್‌ಫರ್ಡ್ ಸೇರಿಸಿದ ಲೆಕ್ಕದ ಪಕ್ಕದಲ್ಲಿ ಸೇರಿಸದ ಲೆಕ್ಕವನ್ನೂ ಕೊಡಬೇಕು. ಈ ಎರಡರ ಅಂತರ ನೋಡಿದ್ರೆ ಯೋಜನೆ ಊಹೆಯ ಮೇಲೆ ಎಷ್ಟು ನಿಂತಿದೆ ಅಂತ ತಕ್ಷಣ ತಿಳಿಯುತ್ತೆ.

ಟನ್‌ಲೆಕ್ಕ
ಹಂತಗಳ ನಿಖರತೆಯನ್ನೂ ಎಸ್‌-ಕೆ 1300 ಅಂಕಿಯಲ್ಲೇ ಹೇಳಿದೆ. ಇನಿಷಿಯಲ್ ಅಸೆಸ್‌ಮೆಂಟಿಗೆ ಖರ್ಚಿನ ಅಂದಾಜು ±50%, ಆಕಸ್ಮಿಕ ಮೊತ್ತ (ಅನಿರೀಕ್ಷಿತ ಖರ್ಚಿಗೆ ಎತ್ತಿಡೋದು) 25% ಮೀರಬಾರದು. ಪ್ರೀ-ಫೀಸಿಬಿಲಿಟಿಗೆ ±25% ಮತ್ತು 15%. ಫೀಸಿಬಿಲಿಟಿಗೆ ±15% ಮತ್ತು 10%. ರಿಸರ್ವ್ ಅನ್ನೋ ಪದ ಬಳಸೋಕೆ ಕನಿಷ್ಠ ಪ್ರೀ-ಫೀಸಿಬಿಲಿಟಿ ಬೇಕು. ಗೈಡ್ 7ರ ಕಾಲಕ್ಕೆ ಹೋಲಿಸಿದ್ರೆ ಇದು ಒಂದು ಮೆಟ್ಟಿಲು ಸಡಿಲ.

ಕೋರ್‌ಪೆಟ್ಟಿಗೆ
ಇದರ ಮಿತಿಯನ್ನೂ ಹೇಳಿಬಿಡಿ. ಪಿಇಎ ಇಟ್ಟುಕೊಂಡೇ ಗಣಿ ಕಟ್ಟೋದನ್ನು ಯಾವ ಷೇರು ನಿಯಮವೂ ತಡೆಯಲ್ಲ. ರೂಬಿಕಾನ್‌ನ ಫೀನಿಕ್ಸ್ ಗಣಿ, ಒಂಟಾರಿಯೊ. 2013ರ ಅಂದಾಜಿನಲ್ಲಿ ಇನ್‌ಫರ್ಡ್ ಒಂದೇ ಸುಮಾರು 22 ಲಕ್ಷ ಔನ್ಸ್. ಫೀಸಿಬಿಲಿಟಿ ಇಲ್ಲದೇ ಗಿರಣಿ ಎದ್ದಿತು. 2016ರ ಜನವರಿಯ ಹೊಸ ಅಂದಾಜಿನಲ್ಲಿ ಇನ್‌ಫರ್ಡ್ 3 ಲಕ್ಷದ ಆಸುಪಾಸು. ಹತ್ತಿರ ಹತ್ತಿರ ಕೊರೆದಾಗ, ಅಗೆದು ನೋಡಿದಾಗ, ದೂರದ ರಂಧ್ರಗಳ ನಡುವೆ ಎಳೆದಿದ್ದ ಗೆರೆಗಳು ಅಲ್ಲಿರಲಿಲ್ಲ. ವರದಿಯಲ್ಲಿ ಎಚ್ಚರಿಕೆಯ ವಾಕ್ಯ ಇತ್ತು, ಓದಿದವರು ಕಡಿಮೆ. ಷೇರು ಕಾನೂನು ಬಹಿರಂಗಪಡಿಸು ಅನ್ನುತ್ತೆ, ಕಟ್ಟಬೇಡ ಅನ್ನಲ್ಲ.

ತೈಲಬಾವಿ
ನಮ್ಮ ಕಡೆ ಇದಕ್ಕೆ ಸಮ ತೈಲ ಕಂಪನಿ ಶೆಲ್ ಕಥೆ. 2004ರ ಜನವರಿಯಲ್ಲಿ 390 ಕೋಟಿ ಬ್ಯಾರೆಲ್, ಅಂದ್ರೆ ತನ್ನ ಸಾಬೀತಾದ ನಿಕ್ಷೇಪದ ಸುಮಾರು 20% ಅನ್ನು ಆ ವರ್ಗದಿಂದ ಕೆಳಗಿಳಿಸ್ತು. ಎಸ್‌ಇಸಿಗೆ 12 ಕೋಟಿ ಡಾಲರ್ ದಂಡ. ತೈಲ ನೆಲದಲ್ಲೇ ಇತ್ತು, ವರ್ಗ ತಪ್ಪು.

ಸವಕಳಿ
ಲೆಕ್ಕಪತ್ರದ ಕಡೆಯಿಂದ ಒಂದು ಮಾತು, ಇಲ್ಲಿ ಯಾರೂ ಮುಟ್ಟಿಲ್ಲ. ರಿಸರ್ವ್ ಕೋಷ್ಟಕ ವರದಿಯ ಹಿಂಬದಿಯಲ್ಲಿ ಮಲಗಿರೋ ಅಂಕಿ ಅಲ್ಲ, ನೇರ ಲಾಭ ನಷ್ಟಕ್ಕೆ ಹೋಗುತ್ತೆ. ಗಣಿ ಆಸ್ತಿಯ ಪುಸ್ತಕ ಮೌಲ್ಯ 30 ಕೋಟಿ ಡಾಲರ್, ತೆಗೆಯಬಹುದಾದ ಚಿನ್ನ 10 ಲಕ್ಷ ಔನ್ಸ್ ಅಂದ್ರೆ ಔನ್ಸಿಗೆ 300 ಡಾಲರ್ ಸವಕಳಿ. ರಿಸರ್ವ್ ಪರಿಷ್ಕರಣೆ ಆಗಿ 7.5 ಲಕ್ಷಕ್ಕೆ ಇಳೀತು ಅಂದ್ರೆ ಔನ್ಸಿಗೆ 400. ಅದೇ ಉತ್ಪಾದನೆ, ಅದೇ ಬೆಲೆ, ಲಾಭ ಔನ್ಸಿಗೆ 100 ಕಡಿಮೆ. ಅದರ ಜೊತೆ ಆಸ್ತಿ ಮೌಲ್ಯ ಕುಸಿತದ ಪರೀಕ್ಷೆ ಬರುತ್ತೆ, ಗಣಿ ಮುಚ್ಚೋ ವೆಚ್ಚ ಹತ್ತಿರ ಬಂದು ಅದರ ಹೊಣೆ ದೊಡ್ಡದಾಗುತ್ತೆ.

ಅಮೆರಿಕದ ನಿಯಮದಲ್ಲಿ ಇನ್ನೂ ಒಂದು ಇದೆ. ರಿಸರ್ವ್ ಇಲ್ಲದ ಕಂಪನಿ ಅನ್ವೇಷಣಾ ಹಂತದ್ದು ಅಂತ ಪರಿಗಣನೆ. ಗಣಿ ನಡೀತಾ ಇದ್ರೂ ಅಷ್ಟೇ. ಅಲ್ಲಿನ ಲೆಕ್ಕಪತ್ರ ಪದ್ಧತಿಯಲ್ಲಿ ಆ ಹಂತದ ಅಭಿವೃದ್ಧಿ ವೆಚ್ಚ ಸಾಮಾನ್ಯವಾಗಿ ಆ ವರ್ಷದ್ದೇ ಖರ್ಚು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಲೆಕ್ಕ ಇಡೋ ಕಂಪನಿ ಅದನ್ನೇ ಆಸ್ತಿ ಅಂತ ತೋರಿಸಿರಬಹುದು. ಇಬ್ಬರ ನಷ್ಟವನ್ನು ಪಕ್ಕಪಕ್ಕ ಇಟ್ಟು ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಅನ್ನಬೇಡಿ.

ಬಂಡೆಮಾತು
ಭಾರತದಲ್ಲಿ ಏನು ವ್ಯವಸ್ಥೆ? ನಮ್ಮಲ್ಲಿ ಲಿಸ್ಟ್ ಆದ ಗಣಿ ಕಂಪನಿಗಳ ವರದಿಯಲ್ಲಿ 111, 122, 333 ಅಂತೆಲ್ಲ ಸಂಖ್ಯೆ ಇರುತ್ತೆ.

ಕೋರ್‌ಪೆಟ್ಟಿಗೆ
ಅದು ವಿಶ್ವಸಂಸ್ಥೆಯ ಯುಎನ್‌ಎಫ್‌ಸಿ ವರ್ಗೀಕರಣ ಪದ್ಧತಿ. ಮೂರು ಅಂಕಿಗಳಲ್ಲಿ ಮೊದಲನೇದು ಆರ್ಥಿಕತೆ, ಎರಡನೇದು ಯೋಜನೆಯ ಸಾಧ್ಯತೆ, ಮೂರನೇದು ಭೂವೈಜ್ಞಾನಿಕ ಖಚಿತತೆ. 111 ಸಾಬೀತಾದ ರಿಸರ್ವ್, 121 ಮತ್ತು 122 ಸಂಭಾವ್ಯ, 331 ಮೆಷರ್ಡ್, 332 ಇಂಡಿಕೇಟೆಡ್, 333 ಇನ್‌ಫರ್ಡ್. 2015ರ ಎಂಇಎಂಸಿ (ಖನಿಜ ಅಂಶದ ಪುರಾವೆ) ನಿಯಮಗಳು ಇದನ್ನೇ ಬಳಸುತ್ತವೆ. ಅದರ ಗುರಿ ಮುಖ್ಯವಾಗಿ ಗುತ್ತಿಗೆ ಹರಾಜು ಮತ್ತು ಸರಕಾರದ ದಾಸ್ತಾನು. ಹೂಡಿಕೆದಾರರಿಗಾಗಿ ರೂಪಿಸಿದ್ದು ಐಎಂಐಸಿ ಕೋಡ್, 2019ರದ್ದು. ಜೋರ್ಕ್, 43-101, ದಕ್ಷಿಣ ಆಫ್ರಿಕಾದ ಎಸ್‌ಎಎಂಆರ್‌ಇಸಿಗಳ ಬಳಗವಾದ ಕ್ರಿರ್‌ಸ್ಕೊ ಮಾದರಿಯದ್ದು.

ಇವೆರಡನ್ನೂ ಕಲಸಬೇಡಿ. ಸರಕಾರದ ದಾಸ್ತಾನಿನಲ್ಲಿ ಕನಿಷ್ಠ ಗ್ರೇಡನ್ನು ಭಾರತೀಯ ಗಣಿ ಬ್ಯೂರೊ ಗೊತ್ತು ಮಾಡುತ್ತೆ, ಉದಾಹರಣೆಗೆ ಹೆಮಟೈಟಿಗೆ 45% ಕಬ್ಬಿಣ. ಅದು ಖನಿಜ ಪೋಲಾಗಬಾರದು ಅನ್ನೋ ಸಂರಕ್ಷಣೆಯ ಮಿತಿ. ರಿಸರ್ವಿನ ಕಟ್‌ಆಫ್ ಖರ್ಚು ಹುಟ್ಟೋ ಗ್ರೇಡು. 46% ಅದಿರು ಮೊದಲನೇ ಪುಸ್ತಕದಲ್ಲಿ ಇರಲೇಬೇಕು, ಎರಡನೇದರಲ್ಲಿ ಇರಬೇಕಾದ್ರೆ ಯಾರಾದ್ರೂ ಅದನ್ನು ಲಾಭಕ್ಕೆ ಕೊಳ್ಳಬೇಕು.

ಕರಾರುಪತ್ರ
ಗುತ್ತಿಗೆಯ ಮಾತು ಬಂದದ್ದಕ್ಕೆ. ರಿಸರ್ವಿನ ಆಯುಷ್ಯ 18 ವರ್ಷ, ಗುತ್ತಿಗೆ ಉಳಿದಿರೋದು 7 ವರ್ಷ ಅಂದ್ರೆ ಉಳಿದ 11 ವರ್ಷದ ಟನ್ ಯಾವ ಆಧಾರದ ಮೇಲೆ ಸೇರಿದೆ ಅಂತ ಹುಡುಕಿ. ನವೀಕರಣ ಆಗುತ್ತೆ ಅನ್ನೋದಕ್ಕೆ ಸಕಾರಣ ನಿರೀಕ್ಷೆ ಇದ್ರೆ ಸೇರಿಸಬಹುದು, ಕಾನೂನೇ ನವೀಕರಣಕ್ಕೆ ಅವಕಾಶ ಕೊಡದಿದ್ರೆ ಆ ಟನ್ ರಿಸರ್ವ್ ಅಲ್ಲ. ಅರಣ್ಯ, ನೀರು, ಕೆಸರಿನ ಅಣೆಕಟ್ಟಿನ ಜಾಗ ಇವಕ್ಕೂ ಇದೇ ಮಾತು. ಗಿರಣಿಯ ಕೆಸರು ಸುರಿಯೋಕೆ 6 ವರ್ಷದ ಜಾಗ ಮಾತ್ರ ಅನುಮತಿ ಆಗಿದೆ ಅನ್ನೋ ಸಾಲು ಅಮೆರಿಕದ ತಾಂತ್ರಿಕ ಸಾರಾಂಶದ 17ನೇ ಅಧ್ಯಾಯದಲ್ಲಿ ಎಲ್ಲೋ ಅಡಗಿರುತ್ತೆ.

ಗಿರಣಿಮನೆ
ಆ ಅಧ್ಯಾಯವನ್ನು ಮೊದಲು ಓದೋರು ಕಡಿಮೆ. ನಾನು ಅಲ್ಲಿಂದ್ಲೇ ಶುರು ಮಾಡಿ ಅಂತೀನಿ.

ಹಳದಿಲೋಹ
ಎಲ್ಲರಿಗೂ ವಂದನೆ. ಕೊನೇ ಅನುಮಾನ. ಈಗ ಗ್ರೇಡ್, ಬೆಲೆ, ಪಾಲು ಎಲ್ಲ ಹೊಂದಿಸಿ ನೋಡಿದೆ. ಇದೇ ಕಂಪನಿಯ ಇನ್ನೊಂದು ಗಣಿಯಲ್ಲಿ ಎರಡು ದಾಖಲೆಗಳ ನಡುವೆ ಇನ್ನೂ 20 ಲಕ್ಷ ಟನ್ ವ್ಯತ್ಯಾಸ ಉಳಿದಿದೆ. ಅಲ್ಲಿ ಪಾಲು 100%, ಎರಡೂ ಕಡೆ ಒಂದೇ ಬೆಲೆ.

ಷೇರುಕಡತ
ಎರಡು ಕೋಷ್ಟಕಗಳ ದಿನಾಂಕ ನೋಡಿ. ಒಂದು ಜೂನ್ 30ರದ್ದು, ಇನ್ನೊಂದು ಡಿಸೆಂಬರ್ 31ರದ್ದು ಆಗಿರಬಹುದು.

ಹಳದಿಲೋಹ
ಹೌದು! ಜೂನ್ 30 ಮತ್ತು ಡಿಸೆಂಬರ್ 31. ಆ ಆರು ತಿಂಗಳಲ್ಲಿ ಗಿರಣಿಗೆ ಹೋದ ಅದಿರು 19 ಲಕ್ಷ ಟನ್ ಅಂತ ತ್ರೈಮಾಸಿಕ ವರದಿಗಳಲ್ಲಿ ಇದೆ.

ಟನ್‌ಲೆಕ್ಕ
ಉಳಿದ 1 ಲಕ್ಷ ಟನ್ ದಾಸ್ತಾನು ಗುಡ್ಡೆಯಲ್ಲಿ ಹುಡುಕಿ. ಅಗೆದು ಗಿರಣಿಗೆ ಹಾಕದೆ ಇಟ್ಟ ಅದಿರನ್ನು ಒಂದು ಕೋಷ್ಟಕದಲ್ಲಿ ರಿಸರ್ವಿಗೆ ಸೇರಿಸಿ, ಇನ್ನೊಂದರಲ್ಲಿ ಪ್ರತ್ಯೇಕ ಸಾಲಿನಲ್ಲಿ ತೋರಿಸಿರ್ತಾರೆ.